ಸ್ಟೆಂಟ್ ಹಾಕಿಸಿಕೊಂಡ ತಂದೆಗೆ ಹೃದಯ ಪುನಶ್ಚೇತನ ಚಿಕಿತ್ಸೆ ಬೇಕೇ?

ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಕಾಸರಗೋಡು ಜಿಲ್ಲೆಯ ಪೆರ್ಲದ ಮನೆಗೆ ಮರಳಿದ ತಂದೆಯವರನ್ನು ನೆಂಟರು ಮಂಚ ಬಿಟ್ಟು ಏಳಲು ಬಿಡುತ್ತಿಲ್ಲ, ವೈದ್ಯರು ಮಾತ್ರ ‘ಕಾರ್ಡಿಯಾಕ್ ರಿಹ್ಯಾಬ್’ (ನಿಗಾದಲ್ಲಿ ವ್ಯಾಯಾಮ ಮಾಡಿಸಿ, ಊಟ, ಔಷಧಿಯ ತಿಳಿವಳಿಕೆ ಕೊಡುವ ಹೃದಯ ಪುನಶ್ಚೇತನ ಚಿಕಿತ್ಸೆ) ಬರೆದುಕೊಟ್ಟಿದ್ದಾರೆ, ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ. ವೈದ್ಯರ ಮಾತು ಕೇಳಿ. ನಾನು ಬದಿಯಡ್ಕ ಕಡೆಯ ಅಡಿಕೆ ಕೃಷಿಕ. ಹೃದಯಾಘಾತದ ಬಳಿಕ ಈ ಚಿಕಿತ್ಸೆ ಪಡೆದವನು.

ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆ ತೆರೆದಿಡುವುದು ರಕ್ತನಾಳ ಕಟ್ಟಿಕೊಂಡ ಜಾಗವನ್ನು ಮಾತ್ರ. ಕಟ್ಟಿಕೊಳ್ಳಲು ಕಾರಣವಾದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಹೊಗೆಸೊಪ್ಪಿನ ಚಟ ಎಲ್ಲವೂ ರೋಗಿಯ ಜೊತೆಗೇ ಮನೆಗೆ ಬರುತ್ತವೆ. ಮಲಗಿದರೆ ಅವು ಹೋಗುವುದಿಲ್ಲ, ಬದಲಿಗೆ ಇದ್ದ ಶಕ್ತಿಯೂ ಸೋರಿಹೋಗುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದ್ದರು. ಮುಂದೆ ಮೂವತ್ತು ವರ್ಷ ವಯಸ್ಸಾದದ್ದಕ್ಕಿಂತ ಹೆಚ್ಚಾಗಿ ಆ ಮೂರು ವಾರಗಳೇ ಅವರ ದೇಹದ ಸಾಮರ್ಥ್ಯವನ್ನು ಕುಗ್ಗಿಸಿದ್ದವು.

ಕ್ರಮಬದ್ಧ ವ್ಯಾಯಾಮದಿಂದ ಮಾಂಸಖಂಡಗಳು ರಕ್ತದಲ್ಲಿರುವ ಆಮ್ಲಜನಕವನ್ನು ಚೆನ್ನಾಗಿ ಬಳಸಿಕೊಳ್ಳಲು ಕಲಿಯುತ್ತವೆ. ಆಗ ಅದೇ ಕೆಲಸಕ್ಕೆ ಹೃದಯ ಪಡಬೇಕಾದ ಶ್ರಮ ಕಡಿಮೆಯಾಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವರದಿಗಳ ಪ್ರಕಾರ, ಈ ಚಿಕಿತ್ಸೆ ಪಡೆದವರಲ್ಲಿ ಹೃದ್ರೋಗದಿಂದ ಸಾವು, ಮತ್ತೆ ಹೃದಯಾಘಾತ, ಆಸ್ಪತ್ರೆ ಸೇರುವುದು ಮೂರೂ ಕಡಿಮೆ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಲಾಭ ಭಯ ಹೋದದ್ದು. ನಮ್ಮ ಕಡೆ ತೋಟ ಕೆಳಗೆ, ಮನೆ ಮೇಲೆ. ಆ ಏರು ಹತ್ತುವಾಗ ಎದೆಯಲ್ಲಿ ಸಣ್ಣದೊಂದು ಚುಳುಕು ಬಂದರೂ ಮುಗಿಯಿತೆಂದೇ ಅನಿಸುತ್ತಿತ್ತು. ರಿಹ್ಯಾಬ್‌ನಲ್ಲಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಎದುರಿನ ಗೋಡೆಯಲ್ಲಿ 6ರಿಂದ 20ರವರೆಗೆ ಅಂಕಿಗಳ ಚಾರ್ಟ್, 6 ಎಂದರೆ ಏನೂ ಶ್ರಮವಿಲ್ಲ, 20 ಎಂದರೆ ಇನ್ನು ಸಾಧ್ಯವೇ ಇಲ್ಲ ಎನ್ನುವಷ್ಟು ಶ್ರಮ. ‘ಈಗ ಎಷ್ಟು ಕಷ್ಟವಾಗುತ್ತಿದೆ, ಅಂಕಿ ಹೇಳಿ’ ಎಂದು ಫಿಸಿಯೋಥೆರಪಿಸ್ಟ್ ಕೇಳುತ್ತಿದ್ದರು. 11ರಿಂದ 13ರೊಳಗೆ ಇದ್ದರೆ ಸರಿ, ಮೇಲೆ ಹೋದರೆ ವೇಗ ಇಳಿಸುತ್ತಿದ್ದರು. ಹೃದಯಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿಬಡಿತ ಹೆಚ್ಚು ಏರುವುದಿಲ್ಲವಾದ್ದರಿಂದ ನಾಡಿಯೊಂದನ್ನೇ ನಂಬುವಂತಿಲ್ಲ. ಮನೆಯಲ್ಲಿ ಇನ್ನೂ ಸುಲಭದ ಅಳತೆಯಿದೆ: ನಡೆಯುತ್ತಾ ಮಾತನಾಡಲು ಸಾಧ್ಯವಾಗಬೇಕು. ಎರಡು ಮಾತಿಗೇ ಏದುಸಿರು ಬಂದರೆ ನಿಧಾನಿಸಬೇಕು. ಈಗ ನಾನು ಏರು ಹತ್ತುವುದು ಹೀಗೆಯೇ, ಕೆಲಸದಾಳಿನೊಡನೆ ಮಾತನಾಡುತ್ತಾ.

ವ್ಯಾಯಾಮ ಈ ಚಿಕಿತ್ಸೆಯ ಒಂದು ಭಾಗ ಮಾತ್ರ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ವೈದ್ಯರು ಹೇಳದೆ ಏಕೆ ನಿಲ್ಲಿಸಬಾರದು, ಮನಸ್ಸು ಕುಗ್ಗಿದರೆ ಏನು ಮಾಡಬೇಕು ಎಂಬುದನ್ನೂ ಹೇಳಿಕೊಡುತ್ತಾರೆ. ಊಟದ ವಿಷಯದಲ್ಲಿ ನಮ್ಮವರಿಗೆ ಕಷ್ಟವಾಗುವುದು ಉಪ್ಪು. ಮಿಡಿ ಉಪ್ಪಿನಕಾಯಿ, ಉಪ್ಪುಸೊಳೆ, ಹಪ್ಪಳ ಇವುಗಳಲ್ಲಿ ಅಡಗಿರುವ ಉಪ್ಪನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ತಾಯಿಯವರನ್ನೂ ಕರೆದುಕೊಂಡು ಹೋಗಿ. ಅಡುಗೆ ಮಾಡುವವರು ಕೇಳಿಸಿಕೊಳ್ಳದಿದ್ದರೆ ಪ್ರಯೋಜನವಿಲ್ಲ.

ಪೆರ್ಲದಿಂದ ವಾರಕ್ಕೆ ಮೂರು ಸಲ ಮಂಗಳೂರಿಗೆ ಹೋಗಿಬರುವುದು ಸುಲಭವಲ್ಲ, ನಿಜ. ಮನೆಯಲ್ಲೇ ಮಾಡುವ ಕ್ರಮವೂ ಇದೆ. ಅಪಾಯ ಕಡಿಮೆಯಿರುವ ರೋಗಿಗಳಲ್ಲಿ ಅದರ ಫಲ ಆಸ್ಪತ್ರೆಯಲ್ಲಿ ಮಾಡಿದ್ದಕ್ಕೆ ಸರಿಸಮವಾಗಿಯೇ ಇದೆ. ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆ ಅಥವಾ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ದಿನಕ್ಕೆ ಎಷ್ಟು ಹೊತ್ತು, ಯಾವ ವೇಗದಲ್ಲಿ ನಡೆಯಬೇಕೆಂದು ಕನ್ನಡದಲ್ಲೇ ಬರೆಸಿಕೊಳ್ಳಿ. ಬಿಪಿ, ಸಕ್ಕರೆ ಪರೀಕ್ಷೆಗೆ ಹತ್ತಿರದ ಕುಟುಂಬಾರೋಗ್ಯ ಕೇಂದ್ರ ಸಾಕು. ಅಡಿಕೆಗೆ ಬೋರ್ಡೋ ಔಷಧಿ ಸಿಂಪಡಿಸುವ ಪಂಪು ಹೊರುವುದು, ಗೊನೆ ಎತ್ತುವುದು ಸದ್ಯಕ್ಕೆ ಬೇಡ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಅದನ್ನು ಯಾವಾಗ ಶುರು ಮಾಡಬಹುದೆಂದು ವೈದ್ಯರನ್ನೇ ಕೇಳಿ. ಜ್ವರವಿದ್ದ ದಿನ ವ್ಯಾಯಾಮ ಬೇಡ. ನಡೆಯುವಾಗ ಎದೆನೋವು, ತಲೆಸುತ್ತು, ತಣ್ಣನೆಯ ಬೆವರು ಬಂದರೆ ಅಲ್ಲೇ ನಿಲ್ಲಿಸಿ ಕುಳಿತುಕೊಳ್ಳಲಿ. ನೋವು ಕಡಿಮೆಯಾಗದಿದ್ದರೆ ಬೆಳಗಾಗಲಿ ಎಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.