ಕರು ತಾನಾಗೇ ಹೊರಗೆ ಬಂತಂತೆ

ಚಿತ್ರದುರ್ಗದ ತಮ್ಮನಿಗೆ,

ನಿಮ್ಮ ‘ಪಾಪವೆಂಬ ಏಳು ಸುತ್ತಿನ ಕೋಟೆ’ ಲೇಖನ ಕೈಸೇರಿ ಮೂರು ವಾರವಾಯಿತು. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ, ಅಂದರೆ ಲೆಂಟ್ ದಿನಗಳ ಸಂಚಿಕೆಗೆ ಅಂತ ಕಳಿಸಿದ್ದೀರಿ. ಒಂಬತ್ತು ಪುಟ, ಅಂಚು ಬಿಟ್ಟು ಬರೆದ ದುಂಡಗಿನ ಅಕ್ಷರ. ಕಾಗುಣಿತದ ತಪ್ಪು ಎರಡೇ ಎರಡು. ಬೈಬಲಿನ ಅಧ್ಯಾಯ, ವಚನದ ಸಂಖ್ಯೆಗಳೆಲ್ಲ ಸರಿಯಾಗಿವೆ, ಒಂದೊಂದನ್ನೂ ತೆಗೆದು ನೋಡಿದೆ. ಶ್ರಮ ಕಾಣುತ್ತದೆ. ಹೊಗಳಿಕೆ ಇಷ್ಟು ಸಾಕು ಅಲ್ವಾ?

ಲೇಖನವನ್ನು ಹಾಕಿಕೊಳ್ಳುತ್ತಿಲ್ಲ. ಹಾಗಂತ ಎರಡು ಸಾಲಿನ ಚೀಟಿ ಇಟ್ಟು ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಮೊದಲ ನಾಲ್ಕು ಪುಟ ಓದುವಾಗ ಆಕಳಿಕೆ ಬಂತು. ಐದನೇ ಪುಟಕ್ಕೆ ಸಿಟ್ಟು ಬಂತು. ಎದ್ದು ಹೋಗಿ, ಮುಖ ತೊಳೆದುಕೊಂಡು ಬಂದು, ಅದೇ ಪುಟವನ್ನು ಮತ್ತೆ ಓದಿದೆ. ಆಮೇಲೇ ನಿಮಗೆ ಫೋನ್ ಮಾಡಿದ್ದು. ಅಂಕಣದಲ್ಲೇ ಉತ್ತರ ಬರೆಯಲಾ ಅಂತ ಕೇಳಿದ್ದಕ್ಕೆ, ‘ನನ್ ಹೆಸರು, ಸಭೆ ಹೆಸರು ಬಿಟ್ಟು ಏನ್ ಬೇಕಾದ್ರೂ ಬರೀರಿ ಸಾರ್’ ಅಂದಿರಿ. ಎರಡನ್ನೂ ಬಿಟ್ಟಿದ್ದೇನೆ.

ಕೋಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮೂರಿನಿಂದ ಬರುವ ಲೇಖನಗಳಲ್ಲಿ ಕೋಟೆ ಇಲ್ಲದ್ದು ಅಪರೂಪ. ಪ್ರೀತಿ ಕೋಟೆ, ನಂಬಿಕೆ ಕೋಟೆ, ಈಗ ಪಾಪವೂ ಕೋಟೆ. ಏಳು ಸುತ್ತಿಗೆ ಏಳು ಪಾಪ ಹೊಂದಿಸಿದ್ದೀರಿ. ಆ ಏಳರ ಪಟ್ಟಿ ಬೈಬಲಿನಲ್ಲಿ ಎಲ್ಲೂ ಹಾಗೆ ಇಲ್ಲ, ಆರನೇ ಶತಮಾನದ ಕೊನೆಗೆ ಒಂದನೇ ಗ್ರೆಗೊರಿ ಪೋಪ್ ಜೋಡಿಸಿದ ಪಟ್ಟಿಯಿಂದ ಬಂದದ್ದು. ಇರಲಿ. ಅದು ನನ್ನ ತಕರಾರಲ್ಲ.

ತಕರಾರು ಐದನೇ ಪುಟದ ಆರು ಸಾಲಿನದ್ದು. ಓದುಗರಿಗೆ ಗೊತ್ತಾಗಲಿ ಅಂತ ವಿಷಯ ಹೇಳಿಬಿಡುತ್ತೇನೆ. ಐದು ವರ್ಷದ ಹಿಂದೆ ನೀವು ನಿಮ್ಮ ಚರ್ಚ್ ಸಭೆಯ ಯುವಜನ ಸಂಘದ ಖಜಾಂಚಿ. ಕ್ರಿಸ್‌ಮಸ್ ಕ್ಯಾರಲ್‌ಗೆ ಮನೆಮನೆ ಸುತ್ತಿ ಎತ್ತಿದ ದುಡ್ಡು ನಿಮ್ಮ ಕೈಯಲ್ಲಿತ್ತು. ಅದರಲ್ಲಿ ಒಂದಿಷ್ಟು ತೆಗೆದುಕೊಂಡಿರಿ. ಲೆಕ್ಕ ತಾಳೆಯಾಗದಿದ್ದಾಗ, ದೇವಾಲಯದ ಬೀಗದ ಕೈ ಇಟ್ಟುಕೊಂಡು ಗಂಟೆ ಹೊಡೆಯುತ್ತಿದ್ದ ಅಜ್ಜನ ಮೇಲೆ ಎಲ್ಲರ ಕಣ್ಣು ಬಿತ್ತು. ನೀವು ಬಾಯಿ ಬಿಡಲಿಲ್ಲ. ಅಜ್ಜನನ್ನು ತೆಗೆದುಹಾಕಿದರು.

ಇಷ್ಟನ್ನು ನಾನು ನನ್ನ ಮಾತಿನಲ್ಲಿ ಹೇಳಿದ್ದು. ನೀವು ಹೇಳಿದ್ದು ಹೀಗಲ್ಲ. ಒಂದೊಂದೇ ಸಾಲು ನೋಡೋಣ.

‘ಸಂಗ್ರಹವಾದ ಹಣದಲ್ಲಿ ಸ್ವಲ್ಪ ವ್ಯತ್ಯಾಸವಾಯಿತು.’

ವ್ಯತ್ಯಾಸ ತಾನಾಗೇ ಆಗುವುದಕ್ಕೆ ಅದೇನು ಹವಾಮಾನವೇ? ಮತ್ತೆ ‘ಸ್ವಲ್ಪ’ ಅಂದರೆ ಎಷ್ಟು? ಇದನ್ನೇ ಫೋನಿನಲ್ಲಿ ಕೇಳಿದೆ. ‘11,000 ಸಾರ್’ ಅಂದಿರಿ, ನನ್ನ ಪ್ರಶ್ನೆ ಮುಗಿಯುವುದರೊಳಗೆ. ಐದು ವರ್ಷವಾದರೂ ಮೊತ್ತ ನಿಮ್ಮ ನಾಲಿಗೆಯ ತುದಿಯಲ್ಲೇ ಕೂತಿದೆ. ಬರೆಯುವಾಗ ಮಾತ್ರ ಅದು ‘ಸ್ವಲ್ಪ’ ಆಗಿಬಿಟ್ಟಿದೆ.

‘ಅನುಮಾನವು ಸಹಜವಾಗಿಯೇ ಅಜ್ಜನವರ ಕಡೆ ತಿರುಗಿತು.’

ಸಹಜ ಯಾಕೆ? ಅವರು ಬಡವರು ಅಂತಲಾ? ಈ ‘ಸಹಜವಾಗಿಯೇ’ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ, ಕಾಗದ ಸ್ವಲ್ಪ ಹರಿದಿದೆ. ಕ್ಷಮಿಸಿ.

‘ಆ ಸಂದರ್ಭದಲ್ಲಿ ನನ್ನಿಂದ ಮೌನ ವಹಿಸಲ್ಪಟ್ಟಿತು.’

ಮನೆಯಲ್ಲಿ ಊಟ ಮುಗಿಸಿ ‘ಅಮ್ಮಾ, ನನ್ನಿಂದ ಅನ್ನ ಉಣ್ಣಲ್ಪಟ್ಟಿತು’ ಅಂತೀರಾ? ಈ ‘ಲ್ಪಟ್ಟಿತು’ ಕಚೇರಿಯ ಕಡತದಲ್ಲಿ ಇರಲಿ. ಅಲ್ಲಿ ಯಾರು ಮಾಡಿದರು ಅಂತ ಹೇಳದೇ ಇರುವುದೇ ಅದರ ಕೆಲಸ. ‘ನಾನು ಸುಮ್ಮನಿದ್ದೆ.’ ಎರಡು ಪದ. ಬರೆದು ನೋಡಿ, ಕೈ ನಡುಗುತ್ತದೆ. ಆ ನಡುಕ ತಪ್ಪಿಸಿಕೊಳ್ಳೋಕೇ ಅಲ್ಲವೇ ಇಷ್ಟು ಉದ್ದದ ಕ್ರಿಯಾಪದ?

‘ಅಜ್ಜನವರು ಸೇವೆಯಿಂದ ಬಿಡುಗಡೆ ಹೊಂದಿದರು.’

ಸಿಟ್ಟು ನೆತ್ತಿಗೇರಿದ್ದು ಇಲ್ಲಿ. ಬಿಡುಗಡೆ ಅನ್ನುವುದು ನಮ್ಮ ಪ್ರಾರ್ಥನೆ ಕೂಟಗಳಲ್ಲಿ ಎಷ್ಟು ದೊಡ್ಡ ಮಾತು! ಪಾಪದಿಂದ ಬಿಡುಗಡೆ, ಬಂಧನದಿಂದ ಬಿಡುಗಡೆ. ಎರಡನೇ ಪುಟದಲ್ಲಿ ನೀವೇ ಅದರ ಬಗ್ಗೆ ಒಂದು ದೊಡ್ಡ ಪ್ಯಾರಾ ಬರೆದಿದ್ದೀರಿ. ಮೂರು ಪುಟ ದಾಟಿ ಬಂದು, ಕಳ್ಳ ಅನ್ನಿಸಿಕೊಂಡು ಬೀಗದ ಕೈ ಒಪ್ಪಿಸಿ ಹೋದ ಮುದುಕನಿಗೆ ಅದೇ ಮಾತನ್ನು ತೊಡಿಸಿದಿರಿ. ಬೇಕಂತ ಮಾಡಿದ್ದಲ್ಲ, ಗೊತ್ತು. ಪೆನ್ನು ಒಗ್ಗಿದ ಪದದ ಕಡೆಗೇ ಜಾರುತ್ತದೆ.

‘ಪಾಪ, ಅವರಿಗೂ ವಯಸ್ಸಾಗಿತ್ತು.’

ನೋಡಿ, ನಮ್ಮ ಕನ್ನಡದಲ್ಲಿ ಈ ಪದಕ್ಕೆ ಎರಡು ಮುಖ. ಮಾಡಿದ್ದು ಪಾಪ. ಅಯ್ಯೋ ಪಾಪ. ಒಂದನ್ನು ಹೇಳುವಾಗ ಎದೆ ಮುಟ್ಟಿಕೊಳ್ಳಬೇಕು, ಇನ್ನೊಂದನ್ನು ಹೇಳುವಾಗ ನಾಲಿಗೆ ಲೊಚಗುಟ್ಟಿದರೆ ಸಾಕು. ನಿಮ್ಮ ಒಂಬತ್ತು ಪುಟದಲ್ಲಿ ‘ಪಾಪ’ 61 ಸಲ ಬಂದಿದೆ. ಎಣಿಸಿದೆ, ಮಾಡಲು ಬೇರೆ ಕೆಲಸವಿರಲಿಲ್ಲ ಅಂತಲ್ಲ. ಅಷ್ಟರಲ್ಲಿ ಅಜ್ಜನ ಪಾಲಿಗೆ ಬಂದದ್ದು ಒಂದೇ ಒಂದು. ಅದೂ ಅಯ್ಯೋ ಪಾಪದ ಪಾಪ.

ಇನ್ನು ಆರನೇ ಸಾಲು. ‘ಕರ್ತನು ನನ್ನನ್ನು ಕ್ಷಮಿಸಿದ್ದಾನೆ, ನಾನೂ ನನ್ನನ್ನು ಕ್ಷಮಿಸಿಕೊಂಡಿದ್ದೇನೆ.’

ಇಷ್ಟೂ ಪುಟದಲ್ಲಿ ‘ನಾನು’ ಕರ್ತೃವಾಗಿ ಕಾಣಿಸಿಕೊಂಡ ಮೊದಲ ವಾಕ್ಯ ಇದು. ದುಡ್ಡು ತೆಗೆಯುವಾಗ ನಾನು ಇಲ್ಲ. ಸುಮ್ಮನಿರುವಾಗ ನಾನು ಇಲ್ಲ. ಕ್ಷಮೆ ಹಂಚುವ ಹೊತ್ತಿಗೆ ಸರಿಯಾಗಿ ಬಂದು ಸಾಲಿನಲ್ಲಿ ನಿಂತಿದೆ.

ಇದು ನಿಮ್ಮೊಬ್ಬರ ಕಾಯಿಲೆಯಲ್ಲ, ಹಳೆಯದು. ವಿಮೋಚನಕಾಂಡದ 32ನೇ ಅಧ್ಯಾಯ ತೆಗೆಯಿರಿ. ಮೋಶೆ ಬೆಟ್ಟದಿಂದ ಇಳಿದು ಬಂದರೆ ಜನ ಚಿನ್ನದ ಕರುವಿನ ಮುಂದೆ ಕುಣಿಯುತ್ತಿದ್ದಾರೆ. ಅಣ್ಣ ಆರೋನನನ್ನು ಕೇಳುತ್ತಾನೆ. ಆರೋನನ ಉತ್ತರ 24ನೇ ವಚನದಲ್ಲಿದೆ: ಅವರು ಚಿನ್ನ ಕೊಟ್ಟರು, ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು. ಬಂತಂತೆ! ಅದೇ ಅಧ್ಯಾಯದ ನಾಲ್ಕನೇ ವಚನದಲ್ಲಿ ಆತ ಉಳಿ ಹಿಡಿದು ಕರುವನ್ನು ಮಾಡಿದ್ದು ಬರೆದೇ ಇದೆ. ಬರೆದವನು ಏನೂ ಟೀಕೆ ಮಾಡುವುದಿಲ್ಲ. ಎರಡನ್ನೂ ಇಪ್ಪತ್ತು ವಚನದ ಅಂತರದಲ್ಲಿ ಇಟ್ಟು ಸುಮ್ಮನಾಗುತ್ತಾನೆ. ಬರವಣಿಗೆ ಕಲಿಯಬೇಕಾದರೆ ಅದನ್ನು ನೋಡಿ ಕಲಿಯಬೇಕು.

ಅದೇ ಲೂಕನ 15ನೇ ಅಧ್ಯಾಯದ, ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಹಾಳು ಮಾಡಿದ ಕಿರಿಯ ಮಗ? ಹಂದಿ ಕಾಯುತ್ತಾ ಮಾತನ್ನು ತಾಲೀಮು ಮಾಡುತ್ತಾನೆ. ಅಪ್ಪಾ, ಪಾಪ ಮಾಡಿದ್ದೇನೆ, ಮಗ ಅನ್ನಿಸಿಕೊಳ್ಳೋಕೆ ಯೋಗ್ಯನಲ್ಲ, ಕೂಲಿಯವನ ಹಾಗೆ ಇಟ್ಟುಕೋ. ಮೂರು ಮಾತು. ವಾಪಸ್ ಬಂದು ಎರಡು ಹೇಳುವಷ್ಟರಲ್ಲಿ ಅಪ್ಪ ಆಳುಗಳನ್ನು ಕೂಗಿ ಅಂಗಿ ತರಿಸುತ್ತಾನೆ, ಮೂರನೆಯದಕ್ಕೆ ಬಿಡುವುದೇ ಇಲ್ಲ. ಆದರೆ ‘ಮಾಡಿದ್ದೇನೆ’ ಅನ್ನುವುದು ಮೊದಲನೇ ಮಾತು, ಅದು ಬಾಯಿಂದ ಬಂದಾಗಿದೆ. ಮೂಲದ ಗ್ರೀಕಿನಲ್ಲಿ ಅದು ಒಂದೇ ಪದ, ‘ಹೇಮರ್ಟೊನ್’. ನಮ್ಮ ಕನ್ನಡದ ಹಾಗೇ ಮಾಡಿದವನು ಕ್ರಿಯಾಪದದ ಬಾಲದಲ್ಲೇ ಕೂತಿರುತ್ತಾನೆ. ‘ಮಾಡಿದೆ’ ಅಂದರೆ ನಾನು ಅಂತ ಬೇರೆ ಹೇಳುವುದೇ ಬೇಡ. ಆದರೆ ‘ತಪ್ಪಾಯ್ತು’ ಅಂದು ನೋಡಿ. ಅದರ ಬಾಲದಲ್ಲಿ ಯಾರೂ ಇಲ್ಲ. ದಿನಕ್ಕೆ ಹತ್ತು ಸಲ ಅಂತೀವಿ, ಕಾಲು ತುಳಿದರೂ ತಪ್ಪಾಯ್ತು, ಮನೆ ಮುರಿದರೂ ತಪ್ಪಾಯ್ತು.

ಇಷ್ಟು ಜೋರಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನನಗೂ ಇದನ್ನು ಬೈದೇ ಕಲಿಸಿದ್ದು.

1984. ದಾವಣಗೆರೆಯ ಮಂಡಿಪೇಟೆ ಹತ್ತಿರ ಒಂದು ಸಣ್ಣ ಪ್ರೆಸ್ಸು. ನಾಲ್ಕು ಪುಟದ ಸ್ಥಳೀಯ ಪತ್ರಿಕೆ ಅಲ್ಲಿಂದ ಬರುತ್ತಿತ್ತು. ಅಚ್ಚಿನ ಮೊಳೆ ಜೋಡಿಸುವುದು, ಪ್ರೂಫ್ ನೋಡುವುದು, ಬೆಳಿಗ್ಗೆ ಟ್ರೆಡಲ್ ಮಷೀನಿಗೆ ಎಣ್ಣೆ ಬಿಡುವುದು, ಎಲ್ಲ ನಾನೇ. ಆಗಿನ್ನೂ ಊರಿನಲ್ಲಿ ಕಾಟನ್ ಮಿಲ್ಲುಗಳ ಕೂಗು ಕೇಳಿಯೇ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಒಂದು ರಾತ್ರಿ ನಿಧನ ವಾರ್ತೆ ಬಂತು. ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಅಣ್ಣತಮ್ಮಂದಿರಲ್ಲಿ ತಮ್ಮ ತೀರಿಕೊಂಡಿದ್ದ. ಚೀಟಿಯಲ್ಲಿ ಇಬ್ಬರ ಹೆಸರೂ ಇತ್ತು. ನಾನು ನಿದ್ದೆಗಣ್ಣಿನಲ್ಲಿ ಅಣ್ಣನ ಹೆಸರು ಜೋಡಿಸಿದೆ. ಪ್ರೂಫೂ ನಾನೇ ನೋಡಿದೆ. ಬೆಳಿಗ್ಗೆ ಎರಡನೇ ಪಾಳಿಯವರು ಹಾರ ಹಿಡಿದು ಬದುಕಿರುವವನ ಮನೆಗೆ ಹೋದರು.

ಮಾರನೇ ದಿನಕ್ಕೆ ತಿದ್ದುಪಡಿ ಬರೆದೆ. ‘ಕಣ್ತಪ್ಪಿನಿಂದ ಹೆಸರು ಅದಲುಬದಲಾಗಿದೆ. ವಿಷಾದವಿದೆ.’ ಪ್ರೆಸ್ಸಿನ ಯಜಮಾನರು ಕನ್ನಡಕ ಹಣೆಗೇರಿಸಿ ಓದಿದರು.

‘ಕಣ್ಣು ತಪ್ಪಿತಾ?’

‘ಹೂಂ ಸಾರ್.’

‘ತಿಂಗಳ ಸಂಬಳ ಕಣ್ಣಿಗೆ ಕೊಡ್ತೀನೋ, ನಿನಗೆ ಕೊಡ್ತೀನೋ?’

ಚೀಟಿ ಹರಿದು, ತಮ್ಮ ಸೈಕಲ್ಲಿನ ಕೀ ಕೈಗಿಟ್ಟರು. ಅಷ್ಟೇ. ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಆ ಮನೆಯ ಮುಂದೆ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಅಣ್ಣ ಕಟ್ಟೆ ಮೇಲೆ ಕೂತಿದ್ದರು, ಪಕ್ಕದಲ್ಲಿ ಅವತ್ತಿನ ಪೇಪರು. ‘ನಿಮ್ ಹೆಸರು ಹಾಕಿದ್ದು ನಾನು’ ಅಂದೆ. ದಾರಿಯುದ್ದಕ್ಕೂ ಬೇರೆ ಏನೇನೋ ಜೋಡಿಸಿಕೊಂಡು ಹೋಗಿದ್ದೆ, ಬಾಯಿಗೆ ಬಂದದ್ದು ಇಷ್ಟೇ. ಅವರು ಪೇಪರು ಕೈಗೆ ಕೊಟ್ಟು, ‘ಕುಂತ್ಕಳಪ್ಪ. ಓದು’ ಅಂದರು. ಜೋರಾಗಿ ಓದಿಸಿದರು, ಅವರದೇ ಸಾವಿನ ಸುದ್ದಿಯನ್ನು. ಒಳಗಿನಿಂದ ಯಾರೋ ಅಳುವುದು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಓದಿ ಮುಗಿಸಿದ ಮೇಲೆ ಟೀ ಬಂತು. ಕುಡಿದೆ. ಹೊರಡುವಾಗ ಅವರು ಅಂದದ್ದು ಒಂದೇ ಮಾತು: ‘ನನ್ ತಮ್ಮನ ಹೆಸರು ಸರಿಯಾಗಿ ಹಾಕು.’

ನನ್ನನ್ನು ಕ್ಷಮಿಸಿದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಅವತ್ತು ರಾತ್ರಿ ಆ ಹೆಸರನ್ನು ನಮ್ಮಲ್ಲಿದ್ದ ದೊಡ್ಡ ಮೊಳೆಯಲ್ಲಿ ಜೋಡಿಸಿದೆ. ಮೂರು ಸಲ ಪ್ರೂಫ್ ತೆಗೆದೆ. ಯಜಮಾನರು ಯಾಕೆ ಇಷ್ಟು ದೊಡ್ಡ ಅಕ್ಷರ ಅಂತ ಕೇಳಲಿಲ್ಲ.

ಮತ್ತೆ ನಿಮ್ಮ ಅಜ್ಜನ ವಿಷಯಕ್ಕೆ ಬರುತ್ತೇನೆ. ದುಡ್ಡನ್ನು ಭಾನುವಾರ ಭಾನುವಾರ ಸ್ವಲ್ಪ ಸ್ವಲ್ಪವೇ ಕಾಣಿಕೆ ಚೀಲಕ್ಕೆ ಹಾಕಿ ತೀರಿಸಿದೆ ಅಂತ ಫೋನಿನಲ್ಲಿ ಹೇಳಿದಿರಿ. ಒಳ್ಳೆಯದು. ಇದನ್ನೂ ಯಾಕೆ ಬರೆಯಲಿಲ್ಲವೋ! ಕತ್ತಲಲ್ಲಿ ತೆಗೆದದ್ದನ್ನು ಕತ್ತಲಲ್ಲೇ ತುಂಬುವ ಆ ಭಾನುವಾರಗಳು ಕೋಟೆಯ ಏಳು ಸುತ್ತಿಗಿಂತ ಓದುವಂಥವು. ಚೀಲ ನಿಮ್ಮ ಬೆಂಚಿಗೆ ಬಂದಾಗ ಮುಷ್ಟಿ ಹೇಗೆ ಮುಚ್ಚಿಕೊಳ್ಳುತ್ತಿದ್ದಿರಿ? ಪಕ್ಕದವರು ನೋಡಿದರಾ? ಕೊನೆಯ ನೋಟು ಹಾಕಿದ ದಿನ ಯಾವ ಹಾಡು ಹಾಡುತ್ತಿದ್ದರು?

ಆದರೆ ಯಾಜಕಕಾಂಡದ 6ನೇ ಅಧ್ಯಾಯದ ಲೆಕ್ಕ ಬೇರೆ. ಮೋಸದಿಂದ ತೆಗೆದುಕೊಂಡವನು ಪೂರ್ತಿ ಕೊಟ್ಟು, ಮೇಲೆ ಐದನೇ ಒಂದು ಪಾಲು ಸೇರಿಸಿ, ಅದು ಯಾರದ್ದೋ ಅವರ ಕೈಗೇ ಕೊಡಬೇಕು. 11,000ಕ್ಕೆ ಅದು 2,200. ಒಟ್ಟು 13,200. ದುಡ್ಡಿನ ಲೆಕ್ಕ ಸುಲಭ, ದಲ್ಲಾಳಿ ಅಂಗಡಿಯ ಗುಮಾಸ್ತನೂ ಮಾಡಿಕೊಡುತ್ತಾನೆ. ಅಜ್ಜನಿಂದ ತೆಗೆದದ್ದು ದುಡ್ಡಲ್ಲವಲ್ಲ. ಅವರ ಐದನೇ ಒಂದು ಪಾಲು ಎಷ್ಟು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಿಮ್ಮ ಲೇಖನ ಈ ಪ್ರಶ್ನೆಯ ಹತ್ತಿರ ಸುಳಿದಿದ್ದರೂ ನಾನು ಕೋಟೆಯನ್ನೂ ಸಹಿಸಿಕೊಂಡು ಅಚ್ಚು ಹಾಕುತ್ತಿದ್ದೆ.

ಏಳನೇ ಪುಟದಲ್ಲಿ ಮತ್ತಾಯನ 5ನೇ ಅಧ್ಯಾಯದ 23, 24ನೇ ವಚನ ಎತ್ತಿದ್ದೀರಿ. ಕಾಣಿಕೆ ತಂದಿರುವಾಗ ಅಣ್ಣನಿಗೋ ತಮ್ಮನಿಗೋ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅನ್ನುವ ಮಾತು. ಚೆನ್ನಾಗಿ ವಿವರಿಸಿದ್ದೀರಿ. ನನಗೆ ಅನ್ನಿಸಿದ್ದು, ಈ ಒಂಬತ್ತು ಪುಟವೂ ಒಂದು ಕಾಣಿಕೆಯೇ ಅಲ್ವಾ?

ಅಜ್ಜ ಇದ್ದಾರಾ ಅಂತ ಕೇಳಿದೆ. ಹಿರಿಯೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ ಅಂದಿರಿ. ಹಾಗಾದರೆ ಜೋರಾಗಿ ಹೇಳಬೇಕಾಗುತ್ತದೆ. ಮನೆಯವರಿಗೆಲ್ಲ ಕೇಳಿಸುತ್ತದೆ. ಚಿತ್ರದುರ್ಗದಿಂದ ಹಿರಿಯೂರಿಗೆ ಎಷ್ಟು ಹೊತ್ತು, ಒಂದು ಗಂಟೆ.

ಹಸ್ತಪ್ರತಿ ಈ ಪತ್ರದ ಜೊತೆಗೇ ವಾಪಸ್ ಬರುತ್ತಿದೆ. ಮುಂದಿನ ಸಂಚಿಕೆಗೆ ಲೇಖನ ಕಳಿಸಲು ಕೊನೆಯ ದಿನ 25. ನಿಮಗೆ ಅಂತ ಎರಡು ಪುಟ ಬಿಟ್ಟಿದ್ದೇನೆ, ಒಂಬತ್ತು ಬೇಡ. ಹೋಗಿ ಬಂದ ಮೇಲೆ ಬರೆಯಲು ಮನಸ್ಸಾಗದಿದ್ದರೆ ಬರೆಯಬೇಡಿ, ಒಂದು ಫೋನ್ ಮಾಡಿ ಸಾಕು. ಆ ಜಾಗಕ್ಕೆ ಯಾವುದಾದರೂ ಜಾಹೀರಾತು ಹಾಕಿಕೊಳ್ಳುತ್ತೇನೆ.

ಸಂಪಾದಕ