ನೋಟಿಸ್ ಬಂದರೆ ಹರಿದು ಹಾಕಬೇಡಿ

ಪ್ರಶ್ನೆ: ಮರಳು ದಂಧೆಯ ವರದಿ ಪ್ರಕಟಿಸಿದ ಮೇಲೆ ಠಾಣೆಯಿಂದ ಫೋನ್ ಬರುತ್ತಿದೆ. ಮೊಬೈಲ್ ತಂದುಕೊಡಿ, ಮಾಹಿತಿ ಕೊಟ್ಟವರ ಹೆಸರು ಹೇಳಿ ಎನ್ನುತ್ತಾರೆ. ಪ್ರೆಸ್ ಕಾರ್ಡ್ ಇದ್ದವರನ್ನು ಬಂಧಿಸುವಂತಿಲ್ಲ, ನೋಟಿಸ್ ಬಂದರೂ ಹೋಗಬೇಡಿ ಎಂದು ಪರಿಚಿತರು ಹೇಳಿದ್ದಾರೆ. ನಿಜವೇ?
(ವಾರಪತ್ರಿಕೆಯ ಸಂಪಾದಕ, ಮುಧೋಳ)

ಉತ್ತರ: ಅವರ ಮಾತು ಕೇಳಿದರೆ ಜೈಲಿಗೆ ಹೋಗುವವರು ನೀವು, ಅವರಲ್ಲ. ಬಂಧನ ತಡೆಯುವ ಕಾರ್ಡ್ ಈ ದೇಶದಲ್ಲಿಲ್ಲ. ದುಡ್ಡು ಪಡೆದು ಗುರುತಿನ ಚೀಟಿ ಹಂಚುವವರು ಹಬ್ಬಿಸಿದ ಈ ಸುಳ್ಳಿಗೆ ಎಷ್ಟು ಸಲ ಉತ್ತರಿಸಲಿ?

ಫೋನಿನಲ್ಲಿ ಕೇಳಿದರೆಂದು ಮೊಬೈಲ್ ಒಪ್ಪಿಸಬೇಡಿ; ಲಿಖಿತವಾಗಿ ಕೇಳಲಿ. ಪೊಲೀಸ್ ತನಿಖೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರಡಿ ಹಾಜರಾಗುವಂತೆ ನೋಟಿಸ್ ಬಂದರೆ ವಕೀಲರನ್ನು ಕರೆದುಕೊಂಡು ಹಾಜರಾಗಿ. ಹಾಜರಾಗುತ್ತಿರುವವರನ್ನು ಬಂಧಿಸಲು ಪೊಲೀಸರು ಕಾರಣ ದಾಖಲಿಸಬೇಕು. ತಪ್ಪಿಸಿಕೊಂಡರೆ ಆ ಕಾರಣವನ್ನು ನೀವೇ ಕೊಟ್ಟಂತೆ. ಕಲಂ 94ರಡಿ ಮೊಬೈಲ್ ಕೇಳಿದರೆ ಯಾವ ಪ್ರಕರಣಕ್ಕೆಂದು ಓದಿ ನೋಡಿ, ಆಕ್ಷೇಪವಿದ್ದರೆ ಬರೆದು ಕೊಡಿ. ಶೋಧನೆ, ಜಪ್ತಿಯನ್ನು ಕಲಂ 105ರಂತೆ ಚಿತ್ರೀಕರಿಸಲೇಬೇಕು. ಪಂಚನಾಮೆಯ ಪ್ರತಿ ಪಡೆಯದೆ ಸುಮ್ಮನಾಗಬೇಡಿ.

ಇನ್ನು ಹೆಸರಿನ ಮಾತು. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ ಕಲಂ 15(2) ಸುದ್ದಿಮೂಲವನ್ನು ಕಾಪಾಡುತ್ತದೆ ಎಂದು ಹಿರಿಯ ಸಂಪಾದಕರೂ ನಂಬಿದ್ದಾರೆ. ಆ ರಕ್ಷಣೆ, ಪತ್ರಿಕೆಗಳ ಮೇಲಿನ ದೂರು ಕೇಳುವ ಆ ಕೌನ್ಸಿಲ್ಲಿನ ವಿಚಾರಣೆಗೆ ಮಾತ್ರ. ನ್ಯಾಯಾಲಯದಲ್ಲಿ ಅದು ನಡೆಯದು. ಆದ್ದರಿಂದ ಮಾಹಿತಿ ಕೊಟ್ಟವರ ಹೆಸರು, ಸಂದೇಶ ಮೊದಲ ದಿನದಿಂದಲೇ ನಿಮ್ಮ ಮೊಬೈಲಿನಲ್ಲಿ ಇರಬಾರದಿತ್ತು. ಈಗ ಅಳಿಸಲು ಹೋಗಬೇಡಿ, ಸಾಕ್ಷ್ಯನಾಶವೆಂಬ ಇನ್ನೊಂದು ಅಪರಾಧ ಮೈಮೇಲೆ ಬರುತ್ತದೆ. ಸುದ್ದಿ ಕೊಟ್ಟವನು ಟ್ರ್ಯಾಕ್ಟರ್ ಚಾಲಕನಿರಬಹುದು, ಪಂಚಾಯಿತಿ ನೌಕರನಿರಬಹುದು. ನಿಮ್ಮ ಬೆನ್ನಿಗೆ ಪತ್ರಿಕೆಯಾದರೂ ಇದೆ, ಅವನಿಗೆ ಯಾರಿದ್ದಾರೆ? ನನಗೆ ನಿಮಗಿಂತ ಅವನದೇ ಚಿಂತೆ.

ಪ್ರಶ್ನೆ: ಅಚ್ಚಿಗೆ ಮೊದಲು ಸುದ್ದಿಯನ್ನು ಅಧಿಕಾರಿಗೆ ತೋರಿಸಬೇಕೆ? (ಇಂಡಿ)

ಉತ್ತರ: ಬೇಡ. 1975ರ ತುರ್ತುಪರಿಸ್ಥಿತಿ ಮುಗಿದು ದಶಕಗಳಾದವು.

ಪ್ರಶ್ನೆ: ಪ್ರಕರಣ ರದ್ದತಿಗೆ ಬೆಂಗಳೂರಿಗೇ ಹೋಗಬೇಕೆ? (ವಿಜಯಪುರ)

ಉತ್ತರ: ನಿಮಗೆ ಹೈಕೋರ್ಟಿನ ಕಲಬುರಗಿ ಪೀಠ. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ.

ಪ್ರಶ್ನೆ: ಸರ್ಕಾರವನ್ನು ಟೀಕಿಸಿದರೆ ರಾಜದ್ರೋಹವೇ? (ಬೆಳಗಾವಿ)

ಉತ್ತರ: ಅಲ್ಲ. ರಾಜದ್ರೋಹದ ಹಳೆಯ ಕಲಂ 124ಎ ಬಳಕೆಯನ್ನು ಸುಪ್ರೀಂ ಕೋರ್ಟ್ 2022ರ ಮೇ 11ರಂದು ತಡೆಹಿಡಿಯಿತು. ಆದರೆ 2024ರ ಜುಲೈ 1ರಿಂದ ದೇಶದ ಸಾರ್ವಭೌಮತೆ, ಏಕತೆಗೆ ಅಪಾಯ ತರುವುದನ್ನು ಶಿಕ್ಷಿಸುವ ನ್ಯಾಯ ಸಂಹಿತೆಯ ಕಲಂ 152 ಬಂದಿದೆ. ಶೀರ್ಷಿಕೆ ಕೊಡುವಾಗ ಅದು ನೆನಪಿರಲಿ. ನಿಮ್ಮೂರಿನಲ್ಲೇ ಮಾಡಿದ ಭಾಷಣವೂ ಸೇರಿದಂತೆ ಮೂರು ಭಾಷಣಗಳಿಗಾಗಿ ತಿಲಕರಿಂದ ಮುಚ್ಚಳಿಕೆ ಕೇಳಿದ್ದ ಆದೇಶವನ್ನು 1916ರಲ್ಲಿ ಬಾಂಬೆ ಹೈಕೋರ್ಟ್ ರದ್ದುಪಡಿಸಿತ್ತು. ಅದು ಬ್ರಿಟಿಷರ ಕಾಲ.