ಓದುಗರ ಪ್ರಶ್ನೆ: ವರ್ಡ್‌ಸ್ಟಾರ್ ಕಡತಗಳೂ ಪ್ರಿಂಟರ್ ಡ್ರೈವರ್‌ಗಳೂ

ಪ್ರಶ್ನೆ: ನಮ್ಮ ತಂದೆಯವರು ಒಕ್ಕದ (ಕೊಡವ ಮನೆತನದ) ವಂಶಾವಳಿಯನ್ನೂ ಐನ್‌ಮನೆಯ (ಮನೆತನದ ಮೂಲಮನೆಯ) ಚರಿತ್ರೆಯನ್ನೂ ತೋಟದ ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ, ವರ್ಡ್‌ಸ್ಟಾರ್ ಎಂಬ ಬರಹದ ತಂತ್ರಾಂಶ ಬಳಸಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಟ್ಟಿದ್ದರು. ಒಂದು ಫ್ಲಾಪಿಯಿಂದ ಕಡತಗಳನ್ನು ನಕಲಿಸಿಕೊಂಡಿದ್ದೇವೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಪದಗಳ ಕೊನೆಯ ಅಕ್ಷರ ವಿಚಿತ್ರವಾಗಿ ಕಾಣುತ್ತದೆ. ಕಡತ ಕೆಟ್ಟಿದೆಯೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಕೆಟ್ಟಿಲ್ಲ. ಕೊನೆಯ ಅಕ್ಷರ ಮಾತ್ರ ಬದಲಾಗಿರುವುದು ವರ್ಡ್‌ಸ್ಟಾರಿನ ಹಳೆಯ ಆವೃತ್ತಿಗಳ ಗುರುತು. ಮೈಕ್ರೋಪ್ರೋ ಸಂಸ್ಥೆ 1978ರಲ್ಲಿ ಇದನ್ನು ಹೊರತಂದಾಗ ಇಂಗ್ಲಿಷಿಗೆ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಆಸ್ಕಿ ಪದ್ಧತಿಯ 0ಯಿಂದ 127ರವರೆಗಿನ ಸಂಖ್ಯೆಗಳೇ ಸಾಕಾಗಿದ್ದವು. ಒಂದು ಅಕ್ಷರವನ್ನು ಹಿಡಿದಿಡುವ ಬೈಟಿನಲ್ಲಿ ಎಂಟು ಬಿಟ್‌ಗಳು (0 ಅಥವಾ 1 ಕೂರುವ ಸ್ಥಾನಗಳು) ಇರುತ್ತವೆ; ಅವುಗಳಲ್ಲಿ 128 ಬೆಲೆಯ ಎಂಟನೆಯ ಬಿಟ್ ಖಾಲಿ ಉಳಿಯುತ್ತಿತ್ತು. ಸಾಲನ್ನು ಎರಡೂ ಅಂಚಿಗೆ ಸಮವಾಗಿ ಹೊಂದಿಸುವಾಗ ಪದ ಎಲ್ಲಿ ಮುಗಿಯುತ್ತದೆಂದು ತಿಳಿಯಲು ವರ್ಡ್‌ಸ್ಟಾರ್ ಆ ಬಿಟ್ಟನ್ನೇ ಗುರುತಾಗಿ ಬಳಸಿಕೊಂಡಿತು. ಹೀಗೆ ಪದದ ಕೊನೆಯ ಇಂಗ್ಲಿಷಿನ ಸಣ್ಣ 'ಇ' (e) ಅಕ್ಷರದ 101ಕ್ಕೆ 128 ಸೇರಿ 229 ಆಗುತ್ತದೆ, ವಿಂಡೋಸ್ ಅದನ್ನು ತಲೆಯ ಮೇಲೆ ಉಂಗುರವಿರುವ 'ಎ' (å) ಎಂದು ತೋರಿಸುತ್ತದೆ.

128ನ್ನು ಕಳೆದರೆ ಅಕ್ಷರ ಮರಳಿ ಬರುತ್ತದೆ. ಆದರೆ ಇಡೀ ಕಡತದ ಮೇಲೆ ಒಮ್ಮೆಲೇ ಹಾಗೆ ಮಾಡಬೇಡಿ. ಸಾಲು ತುಂಬಿದಾಗ ತಂತ್ರಾಂಶವೇ ಹಾಕಿದ ಸಾಲುಮುರಿತದ ಸಂಖ್ಯೆ 141, ನಿಮ್ಮ ತಂದೆಯವರು ಕೀಲಿ ಒತ್ತಿ ಹಾಕಿದ್ದರ ಸಂಖ್ಯೆ 13. ಎರಡರ ಬೆನ್ನಿಗೂ ಮುಂದಿನ ಸಾಲಿಗೆ ಇಳಿ ಎಂಬ 10 ಇರುತ್ತದೆ. ಮೊದಲು 141 ಮತ್ತು 10ರ ಜೋಡಿಯನ್ನು ಖಾಲಿ ಜಾಗವಾಗಿ ಬದಲಿಸಿ, ಆಮೇಲೆ 128ನ್ನು ಕಳೆಯಿರಿ. ಇಲ್ಲವಾದರೆ ಎರಡೂ 13 ಆಗಿ, ಅವರು ಒಂದು ತಲೆಮಾರಿನ ವಿವರವನ್ನು ಎಲ್ಲಿ ಮುಗಿಸಿ ಮುಂದಿನದನ್ನು ಎಲ್ಲಿ ಆರಂಭಿಸಿದ್ದರೆಂಬುದೇ ಅಳಿಸಿಹೋಗುತ್ತದೆ. ಸಾಲಿನ ಮೊದಲಲ್ಲಿ ಚುಕ್ಕೆಯೊಂದಿಗೆ ಬರುವ ಎರಡಕ್ಷರದ ಆಜ್ಞೆಗಳು ಹೊಸ ಪುಟ, ತಲೆಬರಹ ಮುಂತಾದವಕ್ಕೆ ಸಂಬಂಧಿಸಿದವು. ಮೂಲ ಕಡತವನ್ನು ಮುಟ್ಟದೆ, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಉಳಿದ ಫ್ಲಾಪಿಗಳಿದ್ದರೆ ಮುಂಗಾರಿಗೆ ಮುಂಚೆಯೇ ನಕಲಿಸಿಕೊಳ್ಳಿ. ಕೊಡಗಿನ ತೇವಕ್ಕೆ ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೆಯೇ ಹಾಕಿದರೆ ಡ್ರೈವಿನ ಹೆಡ್ಡೂ ಹಾಳಾಗಬಹುದು.

ಪ್ರಶ್ನೆ: ವರ್ಡ್‌ಸ್ಟಾರನ್ನೇ ಮತ್ತೆ ಓಡಿಸಿ ಅಂದಿನಂತೆಯೇ ಅಚ್ಚು ತೆಗೆಯಬಹುದೇ? ಅದು ಕೇಳುವ ಪ್ರಿಂಟರುಗಳಲ್ಲಿ ಯಾವುದನ್ನು ಆರಿಸಬೇಕು?
– ಅದೇ ಓದುಗರು

ಉತ್ತರ: ತೆಗೆಯಬಹುದು. ಈಗ ವಿಂಡೋಸಿಗೆ ಒಮ್ಮೆ ಪ್ರಿಂಟರಿನ ಡ್ರೈವರ್ ಹಾಕಿದರೆ ಎಲ್ಲ ತಂತ್ರಾಂಶಗಳೂ ಅದನ್ನೇ ಬಳಸುತ್ತವೆ. ವಿಂಡೋಸಿಗೂ ಹಿಂದಿನ ಕಾರ್ಯಾಚರಣ ವ್ಯವಸ್ಥೆಯಾದ ಡಾಸ್‌ನಲ್ಲಿ ಅಂಥ ಏರ್ಪಾಡು ಇರಲಿಲ್ಲವಾದ್ದರಿಂದ ಪ್ರತಿ ತಂತ್ರಾಂಶವೂ ತನ್ನದೇ ಡ್ರೈವರ್‌ಗಳನ್ನು ಹೊತ್ತು ಬರುತ್ತಿತ್ತು. ನಿಮ್ಮ ಕಡತದಲ್ಲಿ ದಪ್ಪಕ್ಷರಕ್ಕೆ ಇರುವುದು 2 ಎಂಬ ಸಂಖ್ಯೆ ಮಾತ್ರ. ಅದನ್ನು ಆಯಾ ಪ್ರಿಂಟರಿಗೆ ತಿಳಿಯುವ ಆಜ್ಞೆಯಾಗಿ ಬದಲಿಸುವುದು ಡ್ರೈವರಿನ ಕೆಲಸ. ಎಪ್ಸನ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ 27, 69 ಎಂಬ ಜೋಡಿ ದಪ್ಪಕ್ಷರ ಆರಂಭಿಸೆಂಬ ಆಜ್ಞೆ. 1984ರಲ್ಲಿ ಬಂದ ಎಚ್‌ಪಿ ಲೇಸರ್‌ಜೆಟ್ ಬಳಗಕ್ಕೆ ಅದೇ ಜೋಡಿಯ ಅರ್ಥ, ಎಲ್ಲ ಹೊಂದಿಕೆಗಳನ್ನೂ ಅಳಿಸಿ ಮೊದಲ ಸ್ಥಿತಿಗೆ ಹೋಗು ಎಂದು. ತಪ್ಪು ಡ್ರೈವರ್ ಆರಿಸಿದರೆ ಪುಟ ಕೆಡುವುದು ಇದಕ್ಕಾಗಿಯೇ.

ಡಾಸ್ ಕಾಲದ ತಂತ್ರಾಂಶಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುವ ಡಾಸ್‌ಬಾಕ್ಸ್-ಎಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ವರ್ಡ್‌ಸ್ಟಾರನ್ನು ಓಡಿಸಿ, ಡಾಸ್‌ಬಾಕ್ಸ್-ಎಕ್ಸಿನ ಪ್ರಿಂಟರ್ ಅನುಕರಣೆಯನ್ನು ಚಾಲೂ ಮಾಡಿ, ವರ್ಡ್‌ಸ್ಟಾರಿನಲ್ಲಿ ಎಪ್ಸನ್ ಡ್ರೈವರನ್ನು ಆರಿಸಿಕೊಳ್ಳಿ. ಪುಟಗಳು ಚಿತ್ರಗಳಾಗಿ ಸಿಗುತ್ತವೆ, ಅವನ್ನು ಯಾವ ಪ್ರಿಂಟರಿನಲ್ಲಾದರೂ ತೆಗೆಯಬಹುದು. (ಕಡತ 255ರಿಂದ ಆರಂಭವಾಗಿ, ಮುಂದೆ ಡಬ್ಲ್ಯು, ಪಿ, ಸಿ ಎಂಬ ಅಕ್ಷರಗಳಿದ್ದರೆ ಅದು ವರ್ಡ್‌ಪರ್ಫೆಕ್ಟ್ ಎಂಬ ಇನ್ನೊಂದು ಬರಹದ ತಂತ್ರಾಂಶದ್ದು, ಲಿಬ್ರೆಆಫೀಸಿನಲ್ಲಿ ತೆರೆದು ನೋಡಿ.)

ಪ್ರಶ್ನೆ: ನಮ್ಮ ಸಂಘದ ಹಳೆಯ ನಡಾವಳಿಗಳನ್ನು, ಭಾರತೀಯ ಲಿಪಿಗಳಲ್ಲಿ ಬರೆಯಲು ನೆರವಾಗುವ ಜಿಸ್ಟ್ ಕಾರ್ಡ್ ಇದ್ದ ಕಂಪ್ಯೂಟರಿನಲ್ಲಿ, ವರ್ಡ್‌ಸ್ಟಾರಿನಲ್ಲೇ, ಕನ್ನಡದಲ್ಲಿ ಟೈಪ್ ಮಾಡಲಾಗಿತ್ತು. ಅವಕ್ಕೂ 128ನ್ನು ಕಳೆಯಬೇಕೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ದಯವಿಟ್ಟು ಕಳೆಯಬೇಡಿ. ಜಿಸ್ಟ್ ಬಳಸುವ ಇಸ್ಕಿ ಪದ್ಧತಿಯಲ್ಲಿ ಭಾರತೀಯ ಲಿಪಿಗಳ ಅಕ್ಷರಗಳು 161ರಿಂದ ಮೇಲಿನ ಸಂಖ್ಯೆಗಳಲ್ಲಿವೆ. 'ಕ' ಅಕ್ಷರದ ಸಂಖ್ಯೆ 179. ಅದರಿಂದ 128ನ್ನು ಕಳೆದರೆ 51, ಅಂದರೆ 3 ಎಂಬ ಅಂಕಿ ಉಳಿಯುತ್ತದೆ, ಕನ್ನಡವೆಲ್ಲ ಅಂಕಿಗಳೂ ಇಂಗ್ಲಿಷ್ ಅಕ್ಷರಗಳೂ ಆಗಿ ಕಲಸಿಹೋಗುತ್ತದೆ. 141 ಈ ವ್ಯಾಪ್ತಿಯ ಹೊರಗಿರುವುದರಿಂದ ಅದರ ಜೋಡಿಯನ್ನು ಮೇಲೆ ಹೇಳಿದಂತೆಯೇ ಬದಲಿಸಬಹುದು. ಅನಂತರ ಇಂದಿನ ಕಂಪ್ಯೂಟರುಗಳು ಬಳಸುವ ಯುನಿಕೋಡ್ ಪದ್ಧತಿಗೆ ಪರಿವರ್ತಿಸಿ. ವಿಂಡೋಸ್‌ನಲ್ಲಿ ಕನ್ನಡ ಇಸ್ಕಿಯ ಸಂಕೇತಪುಟದ (ಯಾವ ಸಂಖ್ಯೆಗೆ ಯಾವ ಅಕ್ಷರವೆಂಬ ಪಟ್ಟಿಯ) ಸಂಖ್ಯೆ 57008. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಅವುಗಳ ಕೊನೆಯ ಅಕ್ಷರ ಕನ್ನಡ ಅಕ್ಷರವಾಗಿ ಕಾಣಿಸಬಹುದು, ಅಂಥವನ್ನು ಕಣ್ಣಿನಿಂದಲೇ ನೋಡಿ ತಿದ್ದಬೇಕಾಗುತ್ತದೆ.